ಯಾವ ವರ್ಷನ್ನಿಗೆ ಟೆಸ್ಟ್ ಮಾಡುತ್ತೀರಿ, ಬರೆದು ಹೇಳಿ: ಮಾಕಳಿಯಿಂದ ಒಂದು ಹಕ್ಕೊತ್ತಾಯ ಪತ್ರ

ಇವರಿಗೆ:
ಕನ್ನಡದ ಮುಕ್ತ ತಂತ್ರಾಂಶಗಳನ್ನು ಕಟ್ಟಿ ನಡೆಸುತ್ತಿರುವ ಎಲ್ಲ ನಿರ್ವಾಹಕರಿಗೆ, ಅವುಗಳಿಗೆ ಹಣ ಕೊಡುವ ಇಲಾಖೆಗಳಿಗೆ ಮತ್ತು ಸಂಸ್ಥೆಗಳಿಗೆ

ವಿಷಯ: ತಂತ್ರಾಂಶ ಆತುಕೊಂಡಿರುವ ಲೈಬ್ರರಿಗಳ ಯಾವ ಯಾವ ವರ್ಷನ್ನುಗಳ ಮೇಲೆ ಟೆಸ್ಟ್ ನಡೆಯಬೇಕು ಎಂಬುದರ ಬಗ್ಗೆ

ಮಾನ್ಯರೆ,

ತುಮಕೂರು ರಸ್ತೆಯ ಮಾಕಳಿ, ಮಾದಾವರ, ದಾಸನಪುರದ ಸುತ್ತ ಕನ್ನಡ ಟೈಪ್ ಮಾಡಿಯೇ ಹೊಟ್ಟೆ ಹೊರೆಯುವವರಿದ್ದಾರೆ. ಲಗ್ನಪತ್ರಿಕೆ, ಊರಹಬ್ಬದ ಫ್ಲೆಕ್ಸ್, ಪೀಣ್ಯದ ಸಣ್ಣ ಕಾರ್ಖಾನೆಗಳ ಲೇಬಲ್ಲು, ಪಂಚಾಯಿತಿಗೆ ಕೊಡುವ ಅರ್ಜಿ, ಎಲ್ಲವೂ ಇಲ್ಲಿನ ಡಿಟಿಪಿ ಅಂಗಡಿಗಳಿಂದಲೇ ಹೊರಡುತ್ತವೆ. ಶಾಲೆಯ ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರುಗಳಿದ್ದಾರೆ. ಹಗಲು ಕಂಪನಿ ಕೆಲಸ ಮುಗಿಸಿ ರಾತ್ರಿ ಕನ್ನಡಕ್ಕಾಗಿ ಕೋಡ್ ಬರೆಯುವ ಹುಡುಗ ಹುಡುಗಿಯರಿದ್ದಾರೆ. ಎಲ್ಲರ ತಕರಾರೂ ಒಂದೇ: ಬರೆದವರ ಲ್ಯಾಪ್‌ಟಾಪಿನಲ್ಲಿ ಓಡಿದ್ದು ನಮ್ಮ ಸಿಸ್ಟಮ್ಮಿನಲ್ಲಿ ಕೈಕೊಡುತ್ತದೆ. ಹುಡುಕುತ್ತಾ ಹೋದರೆ ಎಷ್ಟೋ ಸಲ ದೋಷ ಆ ತಂತ್ರಾಂಶದಲ್ಲಿ ಇರುವುದೇ ಇಲ್ಲ, ಅದರ ಅಡಿಯಲ್ಲಿರುವ ಲೈಬ್ರರಿ ಬೇರೆ ವರ್ಷನ್ನಿನದ್ದಾಗಿರುತ್ತದೆ. ಪುಕ್ಕಟೆ ದುಡಿಯುವ ನಿರ್ವಾಹಕರ ಮೇಲೆ ನಮಗೆ ಸಿಟ್ಟಿಲ್ಲ, ಋಣವಿದೆ. ಆದರೆ ಯಾವುದನ್ನು ಟೆಸ್ಟ್ ಮಾಡಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಇಂದು ಬರೆದವರ ಸಿಸ್ಟಮ್ಮಿನಲ್ಲಿ ಏನಿದೆಯೋ ಅದರ ಮೇಲೆ ನಿಂತಿದೆ. ಅದು ಬಳಸುವವರ ಸಿಸ್ಟಮ್ಮಿನ ಮೇಲೆ ನಿಲ್ಲಬೇಕು. ಆದ್ದರಿಂದ ಈ ಬೇಡಿಕೆಗಳು.

1. ಪ್ರತಿ ಪ್ರಾಜೆಕ್ಟಿಗೂ ಲಿಖಿತ ನಿಯಮ ಇರಲಿ, ಅದರಲ್ಲಿ ತಾರೀಖು ಇರಲಿ.

ವೈಜ್ಞಾನಿಕ ಪೈಥಾನ್ ಲೈಬ್ರರಿಗಳ ತಂಡಗಳು ಇದನ್ನು ಆಗಲೇ ಮಾಡಿವೆ. 2019ರಲ್ಲಿ ನಮ್‌ಪೈ ತಂಡ ಬಿಡುಗಡೆಯಾದ ದಿನದಿಂದ ಎಣಿಸಿ ಪೈಥಾನಿನ ಪ್ರತಿ ವರ್ಷನ್ನಿಗೆ 42 ತಿಂಗಳು, ನಮ್‌ಪೈಗೆ 24 ತಿಂಗಳು ಎಂದು ಗಡುವು ಹಾಕಿಕೊಂಡಿತು. ಅದರ ಮುಂದುವರಿಕೆಯಾಗಿ ಬಂದ 'ಸ್ಪೆಕ್ 0' ಪೈಥಾನಿಗೆ 3 ವರ್ಷ, ಮುಖ್ಯ ಲೈಬ್ರರಿಗಳಿಗೆ 2 ವರ್ಷ ಎನ್ನುತ್ತದೆ. ಇದರಿಂದ ಯಾವ ವರ್ಷನ್ ಯಾವಾಗ ಹೋಗುತ್ತದೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಪ್ರತಿ ಸಲ ಜಗಳವಾಡಬೇಕಿಲ್ಲ.

ಆದರೆ ಆ 3 ವರ್ಷ ನಮಗೆ ಸಾಲದು. ಸಂಶೋಧನಾಲಯದ ಕಂಪ್ಯೂಟರ್ ಬದಲಾಗುವ ವೇಗದಲ್ಲಿ ಸರ್ಕಾರಿ ಶಾಲೆಯ ಲ್ಯಾಬ್ ಬದಲಾಗುವುದಿಲ್ಲ. ಶಾಲಾ ಶಿಕ್ಷಕರಿಗೆ ಸರ್ಕಾರ ಕೊಟ್ಟ 'ಟಾಲ್ಪ್' ಎಂಬ ಕಂಪ್ಯೂಟರ್ ತರಬೇತಿಯಲ್ಲಿ ಉಬುಂಟು ಕಲಿತವರು ನಮ್ಮ ರಾಜ್ಯದಲ್ಲಿದ್ದಾರೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ 5 ವರ್ಷದ ಬೆಂಬಲವಿದೆ, ಪೈಥಾನಿನ ಪ್ರತಿ ಆವೃತ್ತಿಗೂ ಹೆಚ್ಚುಕಡಿಮೆ ಅಷ್ಟೇ. ಕನ್ನಡ ತಂತ್ರಾಂಶದ ಗಡುವೂ ಅದೇ 5 ವರ್ಷವಾಗಿರಲಿ.

2. ಟೆಸ್ಟ್ ಮಾಡದ ವರ್ಷನ್ನಿಗೆ ಮಾತು ಕೊಡಬೇಡಿ.

'ಪೈಥಾನ್ 3.8 ಅಥವಾ ಮೇಲ್ಪಟ್ಟದ್ದು' ಎಂದು ಬರೆದಿರುತ್ತದೆ. ಟೆಸ್ಟ್ ನಡೆದಿರುವುದು 3.12ರ ಮೇಲೆ ಮಾತ್ರ. ಎಲ್ಲಕ್ಕಿಂತ ಹಳೆಯ ವರ್ಷನ್ನುಗಳನ್ನೇ ಹಾಕಿ ಒಂದು ಟೆಸ್ಟ್ ಓಡಿಸಿದರೆ ಆ ಸಾಲು ನಿಜವೋ ಸುಳ್ಳೋ ಅಲ್ಲೇ ಗೊತ್ತಾಗುತ್ತದೆ. ಪೈಥಾನ್ ಲೈಬ್ರರಿಗಳನ್ನು ಹಾಕಿಕೊಡುವ 'ಯುವಿ'ಯಂತಹ ಸಾಧನಗಳಲ್ಲಿ ಇದಕ್ಕೆ ಒಂದೇ ಆಯ್ಕೆ ಸಾಕು. ಟೆಸ್ಟ್ ಬಿದ್ದರೆ ಕೋಡ್ ಸರಿಮಾಡಿ, ಆಗದಿದ್ದರೆ ಸಾಲನ್ನು ತಿದ್ದಿ. ಎರಡೂ ನಮಗೆ ಒಪ್ಪಿಗೆ.

3. ಕನ್ನಡ ಅಕ್ಷರ ಮೂಡುವುದನ್ನೇ ಟೆಸ್ಟ್ ಮಾಡಿ.

ನಮ್ಮ ಅತಿ ದೊಡ್ಡ ಬೇಡಿಕೆ ಇದು. ಒಂದು ಅಂಗಡಿಯ ಕಥೆ ಕೇಳಿ. ಹೆಸರುಗಳ ಪಟ್ಟಿ ಕೊಟ್ಟರೆ ಸಾಲಾಗಿ ಪ್ರಶಸ್ತಿಪತ್ರ ಮಾಡಿಕೊಡುವ ಪುಟ್ಟ ಪೈಥಾನ್ ತಂತ್ರಾಂಶ ಅಲ್ಲಿತ್ತು. ಬರೆದವರ ಲಿನಕ್ಸಿನಲ್ಲಿ ಎಲ್ಲ ಸರಿ. ಅಂಗಡಿಯ ವಿಂಡೋಸಿನಲ್ಲಿ 'ಕನ್ನಡ' ಎಂಬುದು 'ಕನ್‌ನಡ' ಎಂದು ಅಚ್ಚಾಯಿತು. ಒತ್ತಕ್ಷರ ಕೆಳಗಿಳಿಯಲೇ ಇಲ್ಲ. ಅದು ಚಿತ್ರ ಮಾಡಲು ಬಳಸುವ ಪಿಲ್ಲೋ ಲೈಬ್ರರಿಯ ವರ್ಷನ್ ಮಾತ್ರ ಎರಡೂ ಕಡೆ ಒಂದೇ!

ಕಾರಣ ಹೀಗಿದೆ. ಕನ್ನಡದ ಒತ್ತಕ್ಷರ ಜೋಡಿಸಲು ಪಿಲ್ಲೋಗೆ 'ರಾಕ್ಮ್' ಬೇಕು, ರಾಕ್ಮ್‌ಗೆ ಹಾರ್ಫ್‌ಬಜ್ ಮತ್ತು ಫ್ರಿಬಿಡಿ ಬೇಕು. ಪಿಲ್ಲೋ 8.2ರಿಂದೀಚೆಗೆ ರಾಕ್ಮ್ ಜತೆಗೇ ಬರುತ್ತದೆ, ಆದರೆ ಫ್ರಿಬಿಡಿಯನ್ನು ಓಡುವ ಹೊತ್ತಿನಲ್ಲಿ ಸಿಸ್ಟಮ್ಮಿನಿಂದ ಹುಡುಕಿಕೊಳ್ಳುತ್ತದೆ. ವಿಂಡೋಸಿನಲ್ಲಿ ಅದನ್ನು ಬೇರೆಯಾಗಿ ಹಾಕಬೇಕು. ಹಾಕದಿದ್ದರೆ ಪಿಲ್ಲೋ ಸದ್ದಿಲ್ಲದೆ ಸರಳ ಜೋಡಣೆಗೆ ಇಳಿಯುತ್ತದೆ. ಎರರ್ ಬರುವುದಿಲ್ಲ, ಟೆಸ್ಟೂ ಬೀಳುವುದಿಲ್ಲ, ಅಚ್ಚಾದ ಹಾಳೆ ಮಾತ್ರ ವ್ಯರ್ಥ. ಪಿಲ್ಲೋ ಪಟ್ಟಿಯಲ್ಲಿದೆ ಎಂದಷ್ಟೇ ನೋಡುವ ಟೆಸ್ಟಿಗೆ ಇದು ಎಂದೂ ಕಾಣುವುದಿಲ್ಲ.

ಆದ್ದರಿಂದ ಪಟ್ಟಿಯಲ್ಲಿ ಹೆಸರಿರುವ ಲೈಬ್ರರಿಯ ಜತೆಗೆ ಅದರ ಅಡಿಯಲ್ಲಿರುವುದೂ ಲೆಕ್ಕಕ್ಕೆ ಬರಲಿ. ಟೆಸ್ಟಿನಲ್ಲಿ 'ಕನ್ನಡ', 'ರಾಷ್ಟ್ರ', 'ಸ್ತ್ರೀ', 'ಸೂರ್ಯ', 'ರ‍್ಯಾಂಕ್' ಇಷ್ಟಾದರೂ ಇರಲಿ. ಕೊನೆಯ ಎರಡು ಬೇಕೇಬೇಕು. 'ಸೂರ್ಯ'ದಲ್ಲಿ ಅರ್ಕಾವತ್ತು ಬರಬೇಕು, 'ರ‍್ಯಾಂಕ್'ನಲ್ಲಿ ಬರಬಾರದು. ಆ ವ್ಯತ್ಯಾಸ ರಕಾರದ ಮುಂದಿನ ಒಂದು ಅದೃಶ್ಯ ಜೋಡಕ ಸಂಕೇತದ ಮೇಲೆ ನಿಂತಿದೆ. ಯಾವುದೋ ಲೈಬ್ರರಿ ಅದನ್ನು ಕಸವೆಂದು ತೆಗೆದುಹಾಕಿದರೆ ಹೋಯಿತು. ಹೋಲಿಸುವಾಗ ಚಿತ್ರದ ಪಿಕ್ಸೆಲ್ ಹೋಲಿಸಬೇಡಿ, ಅಕ್ಷರ ಬಿಡಿಸುವ ಫ್ರೀಟೈಪ್ ಲೈಬ್ರರಿಯ ವರ್ಷನ್ ಬದಲಾದರೂ ಅಂಚು ಸ್ವಲ್ಪ ಬದಲಾಗುತ್ತದೆ. ಗುಬ್ಬಿ, ಲೋಹಿತ್, ನೋಟೊ ಹೀಗೆ ಒಂದು ಫಾಂಟ್ ಕಡತವನ್ನು ಟೆಸ್ಟಿನೊಳಗೇ ಇಟ್ಟು, ಹಾರ್ಫ್‌ಬಜ್ ಕೊಡುವ ಅಕ್ಷರರೂಪಗಳ ಸಾಲನ್ನು ಹೋಲಿಸಿ.

4. ಎಲ್ಲವನ್ನೂ ಟೆಸ್ಟ್ ಮಾಡಿ ಎಂದು ನಾವು ಕೇಳುತ್ತಿಲ್ಲ.

ಪೈಥಾನಿನ 5, ಪಿಲ್ಲೋದ 4, ಹಾರ್ಫ್‌ಬಜ್‌ನ 3 ವರ್ಷನ್, ಮೇಲೆ 3 ಆಪರೇಟಿಂಗ್ ಸಿಸ್ಟಮ್ ಎಂದರೆ 180 ಜೋಡಿಗಳಾಗುತ್ತವೆ. ಗಿಟ್‌ಹಬ್ಬಿನ ಪುಕ್ಕಟೆ ಖಾತೆಯಲ್ಲಿ ಒಮ್ಮೆಗೆ 20 ಕೆಲಸ ಓಡುತ್ತವೆ, ಅಂದರೆ ಒಂದು ಸಾಲು ತಿದ್ದಿದರೂ ಕನಿಷ್ಠ 9 ಸುತ್ತು ಕಾಯಬೇಕು. ಯಾರೂ ಕಾಯುವುದಿಲ್ಲ, ಟೆಸ್ಟನ್ನೇ ಆಫ್ ಮಾಡುತ್ತಾರೆ. ನಮ್ಮ ಪಟ್ಟಿ ಚಿಕ್ಕದು: ಎಲ್ಲವೂ ಹಳೆಯದಿರುವ ಒಂದು ಜೋಡಿ, ಎಲ್ಲವೂ ಹೊಸದಿರುವ ಒಂದು, ಉಬುಂಟು 22.04 ಮತ್ತು 24.04 ತಾವೇ ಕೊಡುವ ಜೋಡಿಗಳು (ಪೈಥಾನ್ 3.10 ಮತ್ತು 3.12), ಕೊನೆಯದಾಗಿ ಫ್ರಿಬಿಡಿ ಇಲ್ಲದ ವಿಂಡೋಸ್. ಈ ಐದು ಸಾಕು.

5. ಬರಲಿರುವ ವರ್ಷನ್ನನ್ನು ವಾರಕ್ಕೊಮ್ಮೆ ಓಡಿಸಿ ನೋಡಿ.

ಬಿದ್ದರೆ ಬಿಡುಗಡೆ ನಿಲ್ಲಿಸಬೇಡಿ, ಸುದ್ದಿ ಮಾತ್ರ ಬರಲಿ. 2024ರ ಜೂನ್ 16ರಂದು ನಮ್‌ಪೈ 2.0 ಬಂದಾಗ ಹಳೆಯ 1.x ಮೇಲೆ ಕಂಪೈಲ್ ಆಗಿದ್ದ ಮಾಡ್ಯೂಲ್‌ಗಳು ಅದರಡಿ ಓಡಲಿಲ್ಲ. ಅದರ ಪೂರ್ವ ಆವೃತ್ತಿ ಎರಡು ತಿಂಗಳಿಗೂ ಮೊದಲೇ ಸಿಕ್ಕಿತ್ತು, ಓಡಿಸಿ ನೋಡಿದವರಿಗೆ ತಯಾರಿಗೆ ಸಮಯವಿತ್ತು. 2023ರ ಜುಲೈಯಲ್ಲಿ ಪಿಲ್ಲೋ 10 ಅಕ್ಷರದ ಅಗಲ ಅಳೆಯುವ ಹಳೆಯ ಫಂಕ್ಷನ್‌ಗಳನ್ನು ತೆಗೆದಾಗಲೂ ಮೊದಲೇ ಎಚ್ಚರಿಕೆ ಇತ್ತು. ಎಚ್ಚರಿಕೆ ಓದುವ ಟೆಸ್ಟ್ ಇಲ್ಲದ ಪ್ರಾಜೆಕ್ಟುಗಳು ಒಂದೇ ಅಪ್‌ಡೇಟಿಗೆ ನಿಂತುಹೋದವು.

6. ಹಳೆಯ ಸಿಸ್ಟಮ್ಮಿನವರನ್ನು ಬಿಡುವುದಾದರೆ ಹೇಳಿ ಬಿಡಿ.

ಹಳೆಯ ಡಿಟಿಪಿ ಸಾಮಗ್ರಿಗಾಗಿ ವಿಂಡೋಸ್ 7 ಉಳಿಸಿಕೊಂಡ ಅಂಗಡಿಗಳು ಇನ್ನೂ ಇವೆ. ಮೈಕ್ರೋಸಾಫ್ಟ್ ಅದರ ಬೆಂಬಲವನ್ನು 2020ರ ಜನವರಿ 14ಕ್ಕೇ ಮುಗಿಸಿದೆ. ಪೈಥಾನ್ 3.9 ಅದರಲ್ಲಿ ಓಡುವುದಿಲ್ಲ, 3.8ರ ಬೆಂಬಲವೂ 2024ರ ಅಕ್ಟೋಬರಿನಲ್ಲಿ ಮುಗಿಯಿತು. ಅದಕ್ಕಾಗಿ ಹೊಸ ಬಿಡುಗಡೆಗಳನ್ನು ಟೆಸ್ಟ್ ಮಾಡಿ ಎನ್ನುವುದು ನ್ಯಾಯವಲ್ಲ. ನಾವು ಕೇಳುವುದಿಷ್ಟೆ: ಅಲ್ಲಿ ಓಡುವ ಕೊನೆಯ ಬಿಡುಗಡೆಯನ್ನು ಅಳಿಸಬೇಡಿ, ಅದರ ಮೇಲೆ 'ಇದಕ್ಕೆ ಇನ್ನು ರಿಪೇರಿ ಇಲ್ಲ, ಇಂಟರ್‌ನೆಟ್ಟಿಗೆ ಜೋಡಿಸಬೇಡಿ' ಎಂದು ಕನ್ನಡದಲ್ಲಿ ಬರೆಯಿರಿ, ಕೈಬಿಡುವ 6 ತಿಂಗಳ ಮುಂಚೆ ಪ್ರಕಟಿಸಿ.

7. ಲೈಬ್ರರಿ ಬರೆಯುವವರು ಕಾರಣವಿಲ್ಲದೆ 'ಇದಕ್ಕಿಂತ ಮೇಲೆ ಬೇಡ' ಎಂದು ಬೇಲಿ ಹಾಕಬೇಡಿ. ಪೂರ್ತಿ ತಂತ್ರಾಂಶ ಕೊಡುವವರು ಟೆಸ್ಟ್ ಆದ ವರ್ಷನ್ನುಗಳ ಬೀಗಕಡತವನ್ನು (ಲಾಕ್ ಫೈಲ್) ಬಿಡುಗಡೆಯ ಜತೆಗೇ ಕೊಡಿ.

8. ಟೆಸ್ಟಿಗೆ ಹಣ ಮೀಸಲಿಡಿ.

ಮುಕ್ತ ತಂತ್ರಾಂಶ ಬಳಸಬೇಕೆಂಬ ಕೇಂದ್ರ ಸರ್ಕಾರದ ನೀತಿ 2015ರಲ್ಲೇ ಬಂದಿದೆ. ಬೆಂಗಳೂರಿನದೇ ಆದ ಜೆರೋಧಾ 2024ರಲ್ಲಿ ಜಗತ್ತಿನ ಮುಕ್ತ ಪ್ರಾಜೆಕ್ಟುಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ತೆಗೆದಿಟ್ಟಿದೆ. ಸಾರ್ವಜನಿಕ ಹಣದಲ್ಲಿ ಕನ್ನಡ ತಂತ್ರಾಂಶ ಮಾಡಿಸುವ ಇಲಾಖೆಗಳು ಉದ್ಘಾಟನೆಯ ದಿನಕ್ಕೆ ಹಣ ಮುಗಿಯುವಂತೆ ಟೆಂಡರ್ ಕರೆಯುವುದನ್ನು ನಿಲ್ಲಿಸಲಿ. ಮುಂದಿನ 5 ವರ್ಷ ವರ್ಷನ್ ಬದಲಾದಂತೆ ಟೆಸ್ಟ್ ನಡೆಸುವ ಖರ್ಚು ಟೆಂಡರಿನಲ್ಲೇ ಇರಲಿ. ಕೋಡೂ ಟೆಸ್ಟೂ ಎರಡೂ ಮುಕ್ತವಾಗಿರಲಿ.

ನಮ್ಮ ಕಡೆಯಿಂದಲೂ ಕೆಲಸ ಮಾಡುತ್ತೇವೆ. ಇಲ್ಲಿನ ಅಂಗಡಿ, ಶಾಲೆಗಳ ಸಿಸ್ಟಮ್ಮುಗಳಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್, ಯಾವ ಪೈಥಾನ್, ಯಾವ ಫಾಂಟ್ ಇದೆ ಎಂದು, ಯಾರ ಹೆಸರನ್ನೂ ಬರೆಯದೆ, ವರ್ಷಕ್ಕೆರಡು ಸಲ ಪಟ್ಟಿ ಮಾಡಿ ಕೇಳಿದ ಪ್ರಾಜೆಕ್ಟಿಗೆ ಕೊಡುತ್ತೇವೆ. ಪೂರ್ವ ಆವೃತ್ತಿ ಕೊಟ್ಟರೆ ಅಚ್ಚು ತೆಗೆದು ತೋರಿಸುತ್ತೇವೆ.

ಎಲ್ಲ ಬೇಡಿಕೆಗಳೂ ಒಮ್ಮೆಗೇ ಈಡೇರಬೇಕೆಂಬ ಹಟ ನಮಗಿಲ್ಲ. ಮುಂದಿನ ಬಿಡುಗಡೆಗೆ ಮುನ್ನ ಮೂರನೆಯದನ್ನು ಜಾರಿಗೆ ತನ್ನಿ, ಒಂದನೆಯ ಬೇಡಿಕೆಯ ನಿಯಮವನ್ನು ಕನ್ನಡದಲ್ಲಿ ಬರೆದು ಪ್ರಕಟಿಸಿ ಎಂದು ಒತ್ತಾಯಿಸುತ್ತೇವೆ.

ಇಂತಿ,
ಮಾಕಳಿ ಮತ್ತು ಸುತ್ತಲಿನ ಕನ್ನಡ ತಂತ್ರಾಂಶ ಬಳಕೆದಾರರು, ಕೊಡುಗೆದಾರರು