ಕೂತಲ್ಲೇ ದೇಶಾಟನೆ: ಈಕ್ವಡಾರ್

ರಜಾ ಅರ್ಜಿ ಬರೆಯದೆ, ಪೆಟ್ಟಿಗೆ ಕಟ್ಟದೆ, ಭೂಪಟವೊಂದನ್ನೇ ಮುಂದಿಟ್ಟುಕೊಂಡು ಹೊರಡುವ ನಮ್ಮ ಪ್ರವಾಸ ಈ ಸಲ ದಕ್ಷಿಣ ಅಮೆರಿಕದ ಪಡುವಣ ಅಂಚಿಗೆ. ಕೊಲಂಬಿಯ, ಪೆರು ಎಂಬ ದೊಡ್ಡ ನೆರೆಹೊರೆಯವರ ನಡುವೆ ಒತ್ತರಿಸಿಕೊಂಡು ಕುಳಿತಿರುವ ದೇಶ ಈಕ್ವಡಾರ್. ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಒಂದೂವರೆಯಷ್ಟು. ಇಷ್ಟರೊಳಗೇ ಸುಡುವ ಕಡಲತೀರ, ಹಿಮ ಹೊದ್ದ ಅಗ್ನಿಪರ್ವತಗಳು, ಅಮೆಜಾನಿನ ಕಗ್ಗಾಡು. ಸಾಲದೆಂಬಂತೆ ದೂರ ಸಾಗರದಲ್ಲಿ ಆಮೆಗಳ ದ್ವೀಪಗಳು! ಮನೆ ಸಣ್ಣದು, ಒಡವೆ ಬಹಳ. ಇಂಥ ಮನೆಗೆ ಒಂದು ಚಿಂತೆ ತಪ್ಪಿದ್ದಲ್ಲ: ಯಾವುದನ್ನು ಮಾರುವುದು, ಯಾವುದನ್ನು ಉಳಿಸಿಕೊಳ್ಳುವುದು?

ಮೊದಲು ಕರಾವಳಿಗೆ ಇಳಿಯೋಣ. ಗ್ವಾಯಾಕಿಲ್ ಇಲ್ಲಿಯ ದೊಡ್ಡ ಬಂದರು. ಧಗೆ, ಬೆವರು, ಹಡಗುಗಳ ಗದ್ದಲ. ಬಾಳೆಹಣ್ಣನ್ನು ಹೊರದೇಶಗಳಿಗೆ ಕಳುಹಿಸುವುದರಲ್ಲಿ ಈ ದೇಶವನ್ನು ಮೀರಿಸಿದವರಿಲ್ಲ. ಇದೇ ಕರಾವಳಿಯ ಮಾಂಟೆಕ್ರಿಸ್ಟಿ ಎಂಬ ಊರಿನಲ್ಲಿ ಟೊಕಿಲ್ಯಾ ಎಂಬ ಗಿಡದ ನಾರಿನಿಂದ ನವುರಾದ ಟೋಪಿಗಳನ್ನು ಹೆಣೆಯುತ್ತಾರೆ. ಹೆಣೆಯುವವರು ಈಕ್ವಡಾರಿನವರು, ಟೋಪಿಯ ಹೆಸರು ಮಾತ್ರ ‘ಪನಾಮಾ ಹ್ಯಾಟ್’! ಹಿಂದೆ ಸರಕು ಪನಾಮಾ ಮಾರ್ಗವಾಗಿ ಹೋಗುತ್ತಿತ್ತು. ಕೊಂಡವರು ಕೊಂಡ ಜಾಗದ ಹೆಸರಿಟ್ಟರು. ಈ ಹೆಣಿಗೆಯ ಕಲೆಗೆ 2012ರಲ್ಲಿ ಯುನೆಸ್ಕೋ ಮನ್ನಣೆ ದೊರೆಯಿತು. ಆದರೂ ಅಂಗಡಿಗೆ ಹೋದವರು ಕೇಳುವುದು ಪನಾಮಾ ಹ್ಯಾಟನ್ನೇ.

ಇನ್ನು ಬೆಟ್ಟ ಹತ್ತಬೇಕು. ಹಿಂದೆ ಇಲ್ಲಿಂದ ರಾಜಧಾನಿ ಕೀಟೋಗೆ ಹೇಸರಗತ್ತೆಯ ಬೆನ್ನ ಮೇಲೆ ದಿನಗಟ್ಟಲೆ ಪಯಣ. ಎಲಾಯ್ ಅಲ್ಫಾರೋ ಅಧ್ಯಕ್ಷನಾಗಿದ್ದಾಗ, 1908ರಲ್ಲಿ, ರೈಲುದಾರಿ ಪೂರ್ತಿಯಾಗಿ ಕರಾವಳಿಯೂ ಬೆಟ್ಟಸೀಮೆಯೂ ಒಂದಾದವು. ‘ಪಿಶಾಚಿಯ ಮೂಗು’ ಎಂದು ಹೆಸರಾದ ಕಡಿದಾದ ಬಂಡೆಯ ಮೇಲೆ ರೈಲು ತಿರುಗುವುದಕ್ಕೆ ಎಡೆಯಿಲ್ಲ. ಆದ್ದರಿಂದ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಚಲಿಸಿ ಏರುವಂತೆ ಹಳಿ ಹಾಕಿದರು. ಇಷ್ಟು ಕಷ್ಟದಿಂದ ಕಟ್ಟಿದ ರೈಲ್ವೆಯ ಸಂಸ್ಥೆಯನ್ನೇ ಮುಚ್ಚಲು 2020ರಲ್ಲಿ ಸರ್ಕಾರ ತೀರ್ಮಾನಿಸಿತು. ನಾವು ಬಸ್ಸನ್ನೇ ಹಿಡಿಯೋಣ.

ಕೀಟೋ ಇರುವುದು ಸುಮಾರು 9,350 ಅಡಿ ಎತ್ತರದಲ್ಲಿ. ಭೂಮಧ್ಯರೇಖೆ ಕೂಗಳತೆಯಲ್ಲಿದ್ದರೂ ಇಲ್ಲಿ ಸ್ವೆಟರ್ ಬೇಕು! ಈ ನಾಡಿನಲ್ಲಿ ಚಳಿ, ಸೆಕೆ ಎಂಬುವು ಪಂಚಾಂಗದ ಮಾತಲ್ಲ, ಎತ್ತರದ ಮಾತು. ನಿಜವಾಗಿಯೇ ಹೋಗುವವರು ಮೊದಲ ಒಂದೆರಡು ದಿನ ವಿಶ್ರಮಿಸಿಕೊಳ್ಳುವುದು ಲೇಸು. ತೆಳುಗಾಳಿಗೆ ತಲೆಶೂಲೆ ಬರುವುದುಂಟು. ಭೂಮಿಯ ಆಕಾರವನ್ನು ಅಳೆಯಲು ಫ್ರಾನ್ಸಿನ ವಿದ್ವಾಂಸರು 1736ರಲ್ಲಿ ಬಂದದ್ದು ಇಲ್ಲಿಗೇ. ಭೂಮಿ ನಡುವಿನಲ್ಲಿ ಉಬ್ಬಿದೆ ಎಂದ ನ್ಯೂಟನ್ನನ ಮಾತು ಇವರ ಅಳತೆಯಿಂದ ಗಟ್ಟಿಯಾಯಿತು. ಆ ಉಬ್ಬಿನ ದೆಸೆಯಿಂದಲೇ 20,500 ಅಡಿಯ ಚಿಂಬೊರಾಸೋ ಶಿಖರದ ತುದಿ, ಭೂಮಿಯ ಕೇಂದ್ರದಿಂದ ಅಳೆದರೆ, ಎವರೆಸ್ಟಿಗಿಂತ ಒಂದು ಮೈಲಿಗೂ ಹೆಚ್ಚು ದೂರದಲ್ಲಿದೆ.

ಚಿಂಬೊರಾಸೋದ ಪಡುವಣ ಇಳಿಜಾರಿನ ಕಾಡಿಗೂ ನಮಗೂ ಒಂದು ಋಣಾನುಬಂಧವಿದೆ. ಕ್ವಿನೈನ್ ಕೊಡುವ ಕೆಂಪು ತೊಗಟೆಯ ಸಿಂಕೋನಾ ಮರ ಬೆಳೆಯುತ್ತಿದ್ದುದು ಅಲ್ಲಿ. 1860ರಲ್ಲಿ ರಿಚರ್ಡ್ ಸ್ಪ್ರೂಸ್ ಎಂಬ ಇಂಗ್ಲಿಷ್ ಸಸ್ಯಶಾಸ್ತ್ರಜ್ಞನು ಬ್ರಿಟಿಷ್ ಸರ್ಕಾರದ ಪರವಾಗಿ ಬೀಜ, ಸಸಿಗಳನ್ನು ಕೂಡಿಸಿದನು. ಅವು ಕಡಲು ದಾಟಿ ನೀಲಗಿರಿಯಲ್ಲಿ ಬೇರೂರಿದವು. ಮಲೆನಾಡಿನ ಚಳಿಜ್ವರದಲ್ಲಿ ನಡುಗಿದ ನಮ್ಮ ಹಿರಿಯರ ನಾಲಗೆಗೆ ತಗಲಿದ ಕ್ವಿನೈನಿನ ಕಹಿಗೆ ತವರು ಇಂಥ ಆಂಡಿಸ್ ಕಾಡುಗಳೇ. ಏಷ್ಯದ ತೋಟಗಳು ಬೆಳೆದಂತೆ ದಕ್ಷಿಣ ಅಮೆರಿಕದ ತೊಗಟೆಯ ವ್ಯಾಪಾರ ಕುಸಿಯಿತು. ನಮ್ಮವರು ಬದುಕಿಕೊಂಡರು, ಮರ ಕೊಟ್ಟ ನಾಡಿಗೆ ಲಾಭ ತಪ್ಪಿತು. ಎರಡೂ ನಿಜ.

ಬೆಟ್ಟದ ಮೂಡಣ ಮಗ್ಗುಲಲ್ಲಿ ಇಳಿದರೆ ಅಮೆಜಾನ್ ಅಡವಿ. ಇಲ್ಲಿಯ ಒಡವೆ ನೆಲದಡಿಯ ಎಣ್ಣೆ. 1972ರಿಂದ ಅದು ಕೊಳವೆಯಲ್ಲಿ ಆಂಡಿಸ್ ದಾಟಿ ಬಂದರಿಗೆ ಹರಿಯತೊಡಗಿತು. ಬೊಕ್ಕಸ ತುಂಬಿತು, ಕಾಡಿನ ಹೊಳೆಗಳು ಕೆಟ್ಟವು. ಹೊರಗಿನವರ ಸಂಪರ್ಕವೇ ಬೇಡವೆಂದು ಒಳಗಾಡಿನಲ್ಲಿ ಬಾಳುವ ಜನರೂ ಯಾಸುನಿ ಎಂಬ ಅರಣ್ಯದಲ್ಲಿದ್ದಾರೆ. ಅಲ್ಲಿಯ ಎಣ್ಣೆಯ ಬೆಲೆಯ ಅರ್ಧವನ್ನು ಜಗತ್ತು ಕೊಟ್ಟರೆ ನಾವು ಅದನ್ನು ಮುಟ್ಟುವುದಿಲ್ಲವೆಂದು 2007ರಲ್ಲಿ ಅಧ್ಯಕ್ಷ ರಫಾಯೆಲ್ ಕೊರೆಯಾ ಸಾರಿದನು. ಜಗತ್ತು ಮೆಚ್ಚಿಕೊಂಡಿತು, ಹಣ ಬಿಚ್ಚಲಿಲ್ಲ! 2013ರಲ್ಲಿ ಯೋಜನೆ ಬಿದ್ದುಹೋಗಿ, 2016ರಲ್ಲಿ ಎಣ್ಣೆ ತೆಗೆಯತೊಡಗಿದರು. ಕಡೆಗೆ 2023ರ ಆಗಸ್ಟ್ 20ರಂದು ಪ್ರಜೆಗಳನ್ನೇ ಕೇಳಿದಾಗ, ಸುಮಾರು ನೂರಕ್ಕೆ 59 ಮತಗಳು ‘ಎಣ್ಣೆ ನೆಲದಲ್ಲೇ ಇರಲಿ’ ಎಂಬುದರ ಪರವಾಗಿ ಬಿದ್ದವು. ಹೊಟ್ಟೆ ತುಂಬಿದವರ ತೀರ್ಪಲ್ಲ ಇದು. 1999ರ ಬ್ಯಾಂಕು ಮುಗ್ಗಟ್ಟಿನಲ್ಲಿ ಉಳಿತಾಯ ಕಳೆದುಕೊಂಡು, 2000ದಲ್ಲಿ ಸ್ವಂತ ನಾಣ್ಯವನ್ನೇ ಬಿಟ್ಟು ಡಾಲರನ್ನು ಒಪ್ಪಿಕೊಂಡು, ಹೊಟ್ಟೆಪಾಡಿಗಾಗಿ ಲಕ್ಷಾಂತರ ಮಂದಿಯನ್ನು ಸ್ಪೇನ್ ಮುಂತಾದೆಡೆಗೆ ಕಳುಹಿಸಿಕೊಟ್ಟ ದೇಶದ ತೀರ್ಪು. ಎಣ್ಣೆಬಾವಿಗಳನ್ನು ಮುಚ್ಚುವ ಕೆಲಸ 2024ರಲ್ಲಿ ನಿಧಾನವಾಗಿ ಮೊದಲಾಯಿತು.

ಕಡೆಯದು, ತೀರದಿಂದ ಸುಮಾರು 600 ಮೈಲಿ ದೂರದ ಗಲಪಗೋಸ್. 1835ರಲ್ಲಿ ಡಾರ್ವಿನ್ ಬಂದುಹೋದ ದ್ವೀಪಗಳಿವು. ಇಲ್ಲಿಯ ಸಾಂತಾ ಕ್ರೂಸ್ ದ್ವೀಪಕ್ಕೂ ಅದೇ ಸಿಂಕೋನಾವನ್ನು ತಂದು ನೆಟ್ಟಿದ್ದರು. ಅದೀಗ ಅಲ್ಲಿಯ ಸಹಜ ಗಿಡಗಳ ಮೇಲೆ ಹಬ್ಬಿ ಪೀಡೆಯಾಗಿದೆ. ಕಡಿದಷ್ಟೂ ಚಿಗುರುತ್ತದೆ!

ಪರವೂರಿನಲ್ಲಿ ಸಂಸಾರ ಹೂಡಿರುವ ನಮಗೆ ಮಾರುವ, ಉಳಿಸುವ ಲೆಕ್ಕ ಹೊಸದಲ್ಲ. ಊರ ಹೊಲ ಮಾರಿ ಮಕ್ಕಳ ಓದಿಗೆ ಹಾಕಿದವರು ನಮ್ಮಲ್ಲಿದ್ದಾರೆ. ಏನೇ ಬಂದರೂ ಹಿರಿಯರ ಮನೆಗೆ ಕೈ ಹಚ್ಚದವರೂ ಇದ್ದಾರೆ. ಯಾರನ್ನೂ ತಪ್ಪೆನ್ನಲಾಗದು. ಈಕ್ವಡಾರಿನ ಜನ ಟೋಪಿಯ ಹೆಸರನ್ನೂ ತೊಗಟೆಯ ಲಾಭವನ್ನೂ ತಮ್ಮನ್ನು ಯಾರೂ ಕೇಳದಿದ್ದ ಕಾಲದಲ್ಲಿ ಕಳೆದುಕೊಂಡರು. ಕೇಳಿದ ದಿನ, ಕಾಡನ್ನು ಇಟ್ಟುಕೊಂಡರು.