ಇದ್ದಿಲ ಬಸ್ಸೂ ಇಂದಿನ ಮನೆಗಾಡಿಯೂ

ಮನೆಯಲ್ಲಿ ತೊಂಬತ್ತರ ಆಚೀಚೆಯ ಹಿರಿಯರಿದ್ದರೆ ಇದ್ದಿಲ ಬಸ್ಸಿನ ವಿಚಾರವನ್ನು ಅವರಲ್ಲಿ ಒಮ್ಮೆ ಕೇಳಿ ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ, ಇದ್ದಿಲಿನಿಂದ ಹುಟ್ಟುವ ಅನಿಲವನ್ನೇ ನಂಬಿ ಓಡುವ ಬಸ್ಸುಗಳು ಮೈಸೂರು ಸಂಸ್ಥಾನದ ರಸ್ತೆಗಳಲ್ಲಿ ಕಾಣಿಸಿಕೊಂಡವು. ಬಸ್ಸಿನ ಹಿಂಬದಿಗೆ ಕಬ್ಬಿಣದ ದೊಡ್ಡ ಒಲೆ. ಹೊರಡುವ ಮೊದಲು ಕೈಚಕ್ರ ತಿರುಗಿಸಿ, ಗಾಳಿಯೂದಿ, ಕೆಂಡವನ್ನು ನಿಗಿನಿಗಿಸುವ ಕ್ಲೀನರು. ಏರು ಬಂದರೆ ಇಳಿದು ನಡೆಯುವ, ಕೆಲವೊಮ್ಮೆ ಹಿಂದಿನಿಂದ ತಳ್ಳುವ ಪ್ರಯಾಣಿಕರು. ದುಡ್ಡು ಕೊಟ್ಟು ಟಿಕೆಟ್ಟು ಕೊಂಡವನೇ ಬಸ್ಸನ್ನೂ ತಳ್ಳಬೇಕೆಂದರೆ ಈಗಿನ ಮಕ್ಕಳಿಗೆ ನಗು ಬರುವುದು ಸಹಜ. ಆದರೆ ಆ ಒಲೆಯೊಳಗೆ ನಡೆಯುತ್ತಿದ್ದುದೇನೆಂಬುದನ್ನು ಅರಿತರೆ, ಇಂದು ಹಾಸಿಗೆ, ಅಡಿಗೆಮನೆಗಳನ್ನೆಲ್ಲ ಹೊತ್ತ ಕ್ಯಾರವಾನಿನಲ್ಲಿ ಪ್ರವಾಸ ಹೊರಡುವ ಸಂಸಾರಕ್ಕೆ ಪ್ರಾಣವುಳಿಸುವ ಪಾಠವೊಂದು ದೊರೆಯುತ್ತದೆ.

ಕೆಂಡವು ಬೇಕಾದಷ್ಟು ಗಾಳಿಯಲ್ಲಿ ಉರಿದರೆ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಅದೇ ಅನಿಲ ಮತ್ತೆ ದಪ್ಪನಾದ ಕೆಂಡದ ಪದರವನ್ನು ಹಾಯ್ದಾಗ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ. ಇದು ಉರಿಯಬಲ್ಲ ಅನಿಲ. ಎಂಜಿನು ಇದನ್ನು ಹೀರಿ, ಗಾಳಿಯೊಡನೆ ಬೆರೆಸಿ ಉರಿಸುತ್ತಿತ್ತು. ಆದರೆ ಒಲೆಯಿಂದ ಬಂದುದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಉರಿಯದ ಸಾರಜನಕವೇ ಆಗಿದ್ದುದರಿಂದ, ಪೆಟ್ರೋಲಿನ ಬಲಕ್ಕೆ ಹೋಲಿಸಿದರೆ ಎಂಜಿನಿನ ಬಲ ಬಹಳ ಮಟ್ಟಿಗೆ ಕುಗ್ಗುತ್ತಿತ್ತು. ಏರಿನಲ್ಲಿ ಪ್ರಯಾಣಿಕರು ಇಳಿಯಬೇಕಾಗಿದ್ದುದು ಇದಕ್ಕೇ.

ಆ ಬಸ್ಸಿನ ರೋಗಗಳೂ ಸ್ಪಷ್ಟವಾಗಿದ್ದವು. ಇದ್ದಿಲು ತೇವವಾಗಿದ್ದರೆ ಕೆಂಡ ಮಂಕಾಗುತ್ತಿತ್ತು. ಬೂದಿ ಕರಗಿ ಹೆಂಟೆಗಟ್ಟಿದರೆ ಗಾಳಿಯ ದಾರಿ ಮುಚ್ಚುತ್ತಿತ್ತು. ಸೋಸುವ ಡಬ್ಬಿಯಲ್ಲಿ ಮಸಿ ತುಂಬಿದರೆ ಎಂಜಿನಿಗೆ ಉಸಿರುಗಟ್ಟುತ್ತಿತ್ತು. ಕೊಳವೆಯ ಸಂದು ಸಡಿಲವಾದರೆ ಬೇಡದ ಗಾಳಿ ಒಳನುಗ್ಗಿ ಅನಿಲ ನೀರಸವಾಗುತ್ತಿತ್ತು. ಆದುದರಿಂದ ದಿನವೂ ಬೂದಿ ತೆಗೆಯುವುದು, ಸೋಸುಕವನ್ನು ಝಾಡಿಸುವುದು, ಸಂದುಗಳನ್ನು ಬಿಗಿಯುವುದು ಪ್ರಯಾಣದಷ್ಟೇ ಅಗತ್ಯವಾದ ಕೆಲಸಗಳಾಗಿದ್ದವು.

ಇಷ್ಟೆಲ್ಲದರ ಹಿಂದೆ ಒಂದು ಅಪಾಯ ಅಡಗಿ ಕುಳಿತಿತ್ತು. ಬಸ್ಸಿಗೆ ಆಹಾರವಾದ ಅನಿಲ ಮನುಷ್ಯನಿಗೆ ವಿಷ. ಎಂಜಿನು ಓಡುತ್ತಿರುವಾಗ ಅದು ಅನಿಲವನ್ನು ತನ್ನತ್ತ ಸೆಳೆದುಕೊಳ್ಳುತ್ತಿತ್ತು. ಎಂಜಿನು ನಿಂತ ಮೇಲೆ ಕೆಂಡ ಆರುವವರೆಗೂ ಹುಟ್ಟುವ ಅನಿಲಕ್ಕೆ ಹೊರಗೆ ಸೋರುವುದೇ ದಾರಿ. ಮುಚ್ಚಿದ ಷೆಡ್ಡಿನಲ್ಲಿ ಅಂಥ ಗಾಡಿಯನ್ನು ನಿಲ್ಲಿಸುವುದು ಮೃತ್ಯುವನ್ನು ಮನೆಗೆ ಕರೆದಂತೆ. ಯುದ್ಧಕಾಲದಲ್ಲಿ ಎಪ್ಪತ್ತು ಸಾವಿರದಷ್ಟು ಇಂಥ ಗಾಡಿಗಳನ್ನು ಓಡಿಸಿದ ಸ್ವೀಡನ್ ದೇಶದಲ್ಲಿ ಈ ವಿಷಬಾಧೆ ವೈದ್ಯರಿಗೆ ದೊಡ್ಡ ಚಿಂತೆಯಾಗಿತ್ತು.

ಇದ್ದಿಲ ಬಸ್ಸು ಮರೆಯಾಯಿತು. ಆ ವಿಷ ಮರೆಯಾಗಲಿಲ್ಲ. ಪೆಟ್ರೋಲು, ಡೀಸೆಲು, ಅಡಿಗೆ ಅನಿಲ, ಇದ್ದಿಲು ಯಾವುದೇ ಇರಲಿ, ಅರೆಬರೆ ಉರಿದಾಗಲೆಲ್ಲ ಅದು ಹುಟ್ಟುತ್ತದೆ. ಎಂಜಿನು, ಒಲೆ, ಹಾಸಿಗೆಗಳು ಒಂದೇ ತಗಡಿನ ಗೋಡೆಯೊಳಗೆ ಸೇರಿರುವ ಮನೆಗಾಡಿಯಲ್ಲಿ ಇದನ್ನು ಮರೆಯತಕ್ಕದ್ದಲ್ಲ.

ಬೆಂಗಳೂರಿನ ಸಂಸಾರವೊಂದು ಎರಡು ಮೂರು ದಿನಗಳ ಬಿಡುವಿನಲ್ಲಿ ಸುತ್ತಿ ಬರಲು ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾಗಳ ದಾರಿ ಬಲು ಚೆನ್ನು. ಗಾಡಿಯ ಒಂದೊಂದು ಅಂಗವನ್ನೂ ಈ ದಾರಿ ಪರೀಕ್ಷಿಸುತ್ತದೆ.

ಮೊದಲನೆಯದು ಬ್ರೇಕು. ದೇವರಾಯನದುರ್ಗವನ್ನು ಕಂಡು ಇಳಿದು, ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆಂದು ಕೊರಟಗೆರೆ ತಾಲ್ಲೂಕಿಗೆ ಹೋಗುವವರು ಬಹಳ. ಮನೆಗಾಡಿಯ ತೂಕ ಸಾಮಾನ್ಯ ಕಾರಿನದಲ್ಲ. ನೂರು ಲೀಟರಿನ ನೀರಿನ ತೊಟ್ಟಿ ತುಂಬಿದರೆ ಅದೊಂದೇ ನೂರು ಕಿಲೋ. ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಅದು ಕಾದು, ಸುಟ್ಟ ವಾಸನೆ ಹೊಮ್ಮಿ, ಕೊನೆಗೆ ಹಿಡಿಯದೆ ಹೋಗಬಹುದು. ಇಳಿಜಾರು ತೊಡಗುವ ಮೊದಲೇ ಕೆಳಗಿನ ಗೇರಿಗೆ ಬಂದು, ಎಂಜಿನಿನ ತಡೆಯಲ್ಲೇ ಇಳಿಯುವುದು ಲೇಸು.

ಎರಡನೆಯದು ಬ್ಯಾಟರಿ. ಮಧುಗಿರಿಯ ಏಕಶಿಲಾಬೆಟ್ಟವನ್ನೂ ಕೋಟೆಯನ್ನೂ ಹತ್ತಿಳಿಯಲು ಅರ್ಧ ದಿನವಾದರೂ ಬೇಕು. ಅಷ್ಟು ಹೊತ್ತು ಗಾಡಿ ಬಿಸಿಲಿನಲ್ಲಿ ನಿಂತಿರುತ್ತದೆ. ಒಳಗಿನ ದೀಪ, ಫ್ರಿಜ್ಜುಗಳು ಸದ್ದಿಲ್ಲದೆ ಬ್ಯಾಟರಿಯನ್ನು ಹೀರುತ್ತಿರುತ್ತವೆ. ಹಿಂತಿರುಗಿ ಬಂದು ಕೀಲಿ ತಿರುಗಿಸಿದರೆ ಬರಿಯ ‘ಟಕ್’ ಸದ್ದು. ಮನೆಯ ಉಪಯೋಗಕ್ಕೆ ಬೇರೆ ಬ್ಯಾಟರಿ, ಎಂಜಿನಿಗೆ ಬೇರೆ ಬ್ಯಾಟರಿ ಇರಬೇಕೆಂಬುದು ಇದಕ್ಕೇ. ಬ್ಯಾಟರಿಯ ಕೊನೆಗಳಲ್ಲಿ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದ್ದರೆ, ತಂತಿಗಳನ್ನು ಬಿಚ್ಚಿ, ಅಡಿಗೆ ಸೋಡ ಕದಡಿದ ನೀರಿನಿಂದ ತಿಕ್ಕಿ, ಒರಸಿ, ಬಿಗಿಯಾಗಿ ಕಟ್ಟಿದರೆ ಎಷ್ಟೋ ವೇಳೆ ಮೆಕ್ಯಾನಿಕ್ಕಿನ ಅಗತ್ಯವೇ ಬೀಳದು. ಬಿಚ್ಚುವಾಗ ಋಣತಂತಿ ಮೊದಲು, ಕಟ್ಟುವಾಗ ಅದು ಕೊನೆಗೆ.

ಮೂರನೆಯದು ರೇಡಿಯೇಟರ್. ಆಂಧ್ರದ ನೆಲ ಸುತ್ತುವರಿದ ಪಾವಗಡದ ಬಿಸಿಲು ಎಂಥದೆಂಬುದಕ್ಕೆ, ತಿರುಮಣಿಯ ಸುತ್ತ ಸುಮಾರು 13,000 ಎಕರೆಗಳಲ್ಲಿ ಹರಡಿರುವ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕೇ ಸಾಕ್ಷಿ. ಆ ಬಿಸಿಲಿನಲ್ಲಿ ಶಾಖದ ಮುಳ್ಳು ಮೇಲೇರತೊಡಗಿದರೆ ಎ.ಸಿ.ಯನ್ನು ನಿಲ್ಲಿಸಿ, ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ತೆಗೆಯಲಾಗದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ತಣಿದ ಮೇಲೆ ನೀರಿನ ಮಟ್ಟ, ರಬ್ಬರಿನ ಕೊಳವೆ, ಫ್ಯಾನ್ ಬೆಲ್ಟುಗಳನ್ನು ನೋಡಬೇಕು. ರೇಡಿಯೇಟರಿನ ಮುಂಬದಿಯಲ್ಲಿ ಧೂಳು, ಹುಳುಗಳು ಮೆತ್ತಿಕೊಂಡಿರುವುದೇ ಅನೇಕ ವೇಳೆ ಕಾರಣವಾಗಿರುತ್ತದೆ. ಇಲ್ಲಿಯದೇ ಇನ್ನೊಂದು ಎಚ್ಚರ: ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚೆಂಬುದು ಬಹುಕಾಲದಿಂದ ತಿಳಿದ ವಿಷಯ. ಕುದಿಸಿದರೆ ಅದು ಹೋಗದು. ತೊಟ್ಟಿಗೆ ತುಂಬಿದ ನೀರು ಪಾತ್ರೆ ತೊಳೆಯುವುದಕ್ಕಿರಲಿ. ಕುಡಿಯಲು ಶುದ್ಧೀಕರಿಸಿದ ನೀರೇ ಬೇಕು.

ನಾಲ್ಕನೆಯದು ಟೈರು. ಶಿರಾದಲ್ಲಿ ಬೆಂಗಳೂರು-ಪುಣೆ ಹೆದ್ದಾರಿ ಸೇರಿದೊಡನೆ ವೇಗ ಹೆಚ್ಚುತ್ತದೆ. ಮನೆಗಾಡಿಗಳು ವರ್ಷದಲ್ಲಿ ಬಹುಕಾಲ ನಿಂತೇ ಇರುವುದರಿಂದ ಅವುಗಳ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದರೆ ಟೈರಿನ ಹೂವು ಎಷ್ಟು ಚೆನ್ನಾಗಿದ್ದರೂ ನಂಬತಕ್ಕದ್ದಲ್ಲ. ಪಕ್ಕೆಯ ಮೇಲೆ ಅಚ್ಚಾದ ನಾಲ್ಕಂಕೆಯ ಸಂಖ್ಯೆಯೇ ಅದರ ಜಾತಕ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ಹುಟ್ಟಿದ ಟೈರು. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ಅಳೆಯಬೇಕು.

ಈ ನಾಲ್ಕು ದೋಷಗಳೂ ಸದ್ದಿನಿಂದಲೋ ವಾಸನೆಯಿಂದಲೋ ಕಣ್ಣಿಗೆ ಬಿದ್ದೋ ತಮ್ಮನ್ನು ತಾವೇ ತೋರಿಸಿಕೊಳ್ಳುತ್ತವೆ. ಐದನೆಯದು ಹಾಗಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಿಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಮುಂಜಾನೆಯೇ ನೋಡಬೇಕೆಂದು ಹತ್ತಿರದಲ್ಲೇ ಎಲ್ಲಿಯೋ ಗಾಡಿ ನಿಲ್ಲಿಸಿ, ಸೆಕೆ ತಾಳದೆ ಕಿಟಕಿಗಳನ್ನು ಮುಚ್ಚಿ, ಎ.ಸಿ.ಗಾಗಿ ಜನರೇಟರನ್ನು ಓಡಿಸಿ ಮಲಗಿದರೆಂದು ಇಟ್ಟುಕೊಳ್ಳೋಣ. ನೆಲದ ಹಲಗೆಯಲ್ಲೊಂದು ರಂಧ್ರ, ಸೈಲೆನ್ಸರಿನ ಕೊಳವೆಯಲ್ಲೊಂದು ಬಿರುಕು ಇದ್ದರೆ ಅಷ್ಟೇ ಸಾಕು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದ ಬಳಿ ರಸ್ತೆ ಬದಿಯಲ್ಲಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಮೃತರಾಗಿ ಕಂಡುಬಂದರು. ಜನರೇಟರಿನ ಕಾರ್ಬನ್ ಮಾನಾಕ್ಸೈಡು ಒಳಸೇರಿದ್ದೇ ಕಾರಣವೆಂದು ತಜ್ಞರ ಪರೀಕ್ಷೆಯಿಂದ ತಿಳಿದುಬಂದಿತು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆತ್ತರು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಆಸೆಯಿಂದ ಇದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ತಡೆಯಲಾರದ ಮಂಪರು ಇದರ ಗುರುತುಗಳು. ಒಬ್ಬರಿಗಾದರೆ ಪ್ರಯಾಣದ ಆಯಾಸವೆನ್ನಬಹುದು. ಗಾಡಿಯಲ್ಲಿರುವ ಇಬ್ಬರು ಮೂವರಿಗೆ ಒಟ್ಟಿಗೇ ಆದರೆ ಆಯಾಸವೆಂದು ಮಲಗುವುದು ಸಲ್ಲದು. ಒಡನೆಯೇ ಎಲ್ಲರೂ ಹೊರಗೆ ಬಂದು, ಆಸ್ಪತ್ರೆಗೆ ಹೋಗಬೇಕು.

ಅಡಿಗೆಯ ಗ್ಯಾಸಿನ ರೀತಿ ಬೇರೆ. ಅದಕ್ಕೆ ಬೇಕೆಂದೇ ದುರ್ವಾಸನೆ ಬೆರೆಸಿರುತ್ತಾರೆ. ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮಟ್ಟದಲ್ಲಿ ತಂಗುತ್ತದೆ. ಆದ ಕಾರಣ ನೆಲದ ಬಳಿಯ ಗಾಳಿಕಂಡಿಗೆ ಬಟ್ಟೆ ತುರುಕಬಾರದು. ರೆಗ್ಯುಲೇಟರು, ಟ್ಯೂಬುಗಳ ಸಂದಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು; ಬೆಂಕಿಕಡ್ಡಿ ಗೀರಿ ನೋಡುವುದು ಶುದ್ಧ ಮೂರ್ಖತನ. ಗಾಡಿ ಓಡುವಾಗ ಸಿಲಿಂಡರು ಮುಚ್ಚಿರಬೇಕು. ಚಳಿಯೆಂದು ಒಲೆಯನ್ನೋ ಇದ್ದಿಲ ಅಗ್ಗಿಷ್ಟಿಕೆಯನ್ನೋ ಉರಿಸಿಕೊಂಡು ಒಳಗೆ ಮಲಗುವುದಂತೂ ಎಂದಿಗೂ ಕೂಡದು.

ಗಾಡಿಯನ್ನು ಬಾಡಿಗೆಗೆ ಪಡೆಯುವವರು ಹಾಸಿಗೆ ಮೆತ್ತಗಿದೆಯೇ ಎಂದು ಒತ್ತಿ ನೋಡುವುದುಂಟು. ಅದಕ್ಕೆ ಮೊದಲು ಕಾರ್ಬನ್ ಮಾನಾಕ್ಸೈಡಿನ ಎಚ್ಚರಿಕೆ ಗಂಟೆ ಇದೆಯೇ, ಅದರ ಗುಂಡಿ ಒತ್ತಿದರೆ ಕೂಗುತ್ತದೆಯೇ, ಸೈಲೆನ್ಸರಿನ ಕೊಳವೆ ಗಾಡಿಯ ಅಂಚನ್ನು ದಾಟಿದೆಯೇ, ನೆಲದಲ್ಲಿ ಮುಚ್ಚದ ರಂಧ್ರಗಳಿವೆಯೇ ಎಂದು ಕೇಳಿ ನೋಡಲಿ. ಇಲ್ಲವೆಂದರೆ ಬೇರೆ ಗಾಡಿ ಹುಡುಕಲಿ. ಮಲಗುವ ಹೊತ್ತಿಗೆ ಎಂಜಿನು, ಜನರೇಟರುಗಳೆರಡೂ ನಿಂತಿರಲಿ. ಎದುರುಬದುರಿನ ಕಿಟಕಿಗಳು ಬೆರಳಗಲವಾದರೂ ತೆರೆದಿರಲಿ. ಇದ್ದಿಲ ಬಸ್ಸಿನ ಕ್ಲೀನರು ಹೊರಡುವ ಮೊದಲು ಒಲೆ, ಕೊಳವೆ, ಸಂದುಗಳನ್ನೆಲ್ಲ ಮುಟ್ಟಿ ನೋಡಿಯೇ ಹತ್ತುತ್ತಿದ್ದನು. ಮನೆಗಾಡಿಯಲ್ಲಿ ಆ ಕೆಲಸಕ್ಕೆ ಬೇರೆ ಆಳಿಲ್ಲ. ಮನೆಯ ಯಜಮಾನನೋ ಯಜಮಾನಿಯೋ ಅದನ್ನು ಕೈಗೆತ್ತಿಕೊಳ್ಳಬೇಕು. ಸೆಕೆಯಲ್ಲಿ ಒಂದು ರಾತ್ರಿ ಕಳೆದರೆ ಹೋಗುವುದು ನಿದ್ದೆ ಮಾತ್ರ.