ತುಕ್ಕು ಹಿಡಿದ ಬೋಲ್ಟಿಗೆ ಮೂರಡಿ ಪೈಪೇ ಮದ್ದಾ?

ಅಲ್ಲಾ ಸ್ವಾಮಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚೋಕೆ ಸ್ಪ್ಯಾನರ್‌ಗೆ ಮೂರಡಿ ಪೈಪ್ ಸಿಕ್ಕಿಸಿ ನೇತಾಡೋದನ್ನ ‘ಅನುಭವ’ ಅಂತ ಕರೆದವರು ಯಾರು? ನಾನು ನೋಡಿದ ಗ್ಯಾರೇಜುಗಳಲ್ಲೆಲ್ಲ ಇದೇ ಕತೆ. ಟಕ್ ಅಂತ ಸ್ಟಡ್ ಮುರಿಯುತ್ತೆ. ಆಮೇಲೆ, "ಹಳೇ ಗಾಡಿ ಸಾರ್, ಹೆಡ್ ಇಳಿಸ್ಬೇಕು". ಬಿಲ್ಲು ಮಾತ್ರ ನಮಗೆ!

ಅದು ದಿನಾ ನೂರಾರು ಡಿಗ್ರಿ ಕಾದು ತಣ್ಣಗಾಗೋ ಜಾಗ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತೆ, ಥ್ರೆಡ್ಡಿನ ಸಂದಿಯಲ್ಲಿ ಉಬ್ಬಿ ಕೂರುತ್ತೆ. ಬಲ ಹಾಕಿದ್ರೆ ತುಕ್ಕು ಸೋಲಲ್ಲ, ಸ್ಟಡ್ಡಿನ ಕುತ್ತಿಗೆ ಸೋಲುತ್ತೆ. ಬೇಕಿರೋದು ಪುರುಸೊತ್ತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಬಿಡಿ. (ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ನೀರು ಓಡಿಸೋಕೆ. ಅದೊಂದನ್ನೇ ನಂಬ್ಕೋಬೇಡಿ.) ಬೆಳಿಗ್ಗೆ ಎಣ್ಣೆ ಪೂರ್ತಿ ಒರೆಸಿ, ನಟ್ಟನ್ನ ಮಾತ್ರ ಟಾರ್ಚಿನಲ್ಲಿ ಕಾಯಿಸಿ, ಹಿಗ್ಗುತ್ತೆ. ಪೆಟ್ರೋಲ್ ಪೈಪ್ ಪಕ್ಕದಲ್ಲಿದ್ರೆ ಬೆಂಕಿ ಸಹವಾಸವೇ ಬೇಡ. ಆರು ಮೂಲೆ ಸಾಕೆಟ್ ಹಾಕಿ ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿಸಿ, ಮತ್ತೆ ಸಡಿಲಿಸಿ... ಬೇಜಾರಿನ ಕೆಲಸ, ಹೌದು.

ಜೋಡಿಸುವಾಗಲಂತೂ ಕೇಳಲೇಬೇಡಿ. ಹಳೇ ಗ್ಯಾಸ್ಕೆಟ್ಟಿಗೇ ಸಿಲಿಕೋನ್ ಮೆತ್ತಿ ಕಳಿಸ್ತಾರೆ. ಹೊಸ ಗ್ಯಾಸ್ಕೆಟ್, ಹೊಸ ನಟ್, ನಡುವಿನಿಂದ ಆಚೆಗೆ ಟಾರ್ಕ್ ರೆಂಚಿನಲ್ಲಿ ಬಿಗಿತ, ಇಷ್ಟು ಕೇಳಿದ್ರೆ ನಮ್ಮನ್ನೇ ತಲೆಹರಟೆ ಅಂತಾರೆ. ಅಲ್ಲಿ ಸೋರೋದು ಬರೀ ಸದ್ದಲ್ಲ ಮಾರಾಯ್ರೆ, ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಆಳು ಎಚ್ಚರ ತಪ್ಪೋದೂ ಗೊತ್ತಾಗಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಂದು, ಬಿಸಿಯಾದ ಮೇಲೆ ಸದ್ದು ನಿಂತ್ರೆ "ಸರಿಹೋಯ್ತು ಬಿಡಿ ಸಾರ್" ಅನ್ನೋರಿದ್ದಾರೆ. ಸರಿಹೋಗಿಲ್ಲ. ಲೋಹ ಹಿಗ್ಗಿ ಸಂದಿ ಮುಚ್ಚಿದೆ, ಅಷ್ಟೆ.